ಐದು ಗೇಣು, ಎರಡು ಮೊಳ

ಅಮೆರಿಕದಲ್ಲಿರುವ ಮಗಳು ಹೋದ ವರ್ಷ ಫೋನಿಗೆ ಒಂದು ನಕ್ಷೆ ಕಳಿಸಿದಳು. ಅವಳಿಗಾಗ ಆರು ತಿಂಗಳು. "ಅಮ್ಮ, ಬರುವಾಗ ಮಗುವಿಗೆ ಇಂಥದೊಂದು ಹೊದಿಕೆ ನೀನೇ ಹೊಲಿದುಕೊಂಡು ಬಾ" ಎಂದಳು. ನಕ್ಷೆಯ ತುಂಬ ಜೇನುಗೂಡಿನ ಹಾಗೆ ಆರು ಮೂಲೆಯ ಚೂರುಗಳು. ನಡುವೆ ಒಂದು ಹಳದಿ, ಅದರ ಸುತ್ತ ಆರು ಕೆಂಪು, ಅದರಾಚೆ ಹನ್ನೆರಡು ಹಸಿರು. ಹೀಗೆ 19 ಚೂರು ಸೇರಿದರೆ ಒಂದು ಹೂ. ಒಂದೊಂದು ಚೂರನ್ನೂ ಅದೇ ಆಕಾರದ ಕಾಗದದ ಮೇಲೆ ಮಡಚಿ, ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅಂಚಿಗೆ ಅಂಚು ಕೂಡಿಸಬೇಕು. ಸುತ್ತಲಿನ ಚೂರುಗಳೆಲ್ಲ ಸೇರಿಕೊಂಡ ಮೇಲೆ ಕಾಗದವನ್ನು ಎಳೆದು ತೆಗೆಯಬೇಕು. ಎಲ್ಲ ವಿವರವೂ ಇತ್ತು. ಎಷ್ಟು ಬಟ್ಟೆ ಬೇಕು ಎಂಬುದೊಂದು ಇರಲಿಲ್ಲ.

ನಾನು ಇತಿಹಾಸ ಪಾಠ ಮಾಡುವವಳು. ಆದರೂ ಇಷ್ಟು ಲೆಕ್ಕ ಬಾರದೇ ಎಂದು ಪೆನ್ಸಿಲ್ ಹಿಡಿದು ಕೂತೆ. ಹೊದಿಕೆಯ ಅಗಲ 36 ಅಂಗುಲ, ಉದ್ದ 45 ಅಂಗುಲ. ಅಂದರೆ 1620 ಚದರಂಗುಲ. ಅಂಗಡಿಯಲ್ಲಿ 36 ಅಂಗುಲ ಅಗಲದ ಬಟ್ಟೆ ಸಿಗುತ್ತದೆ. ಅದರ ಒಂದು ಮೀಟರಿಗೆ 1417 ಚದರಂಗುಲ. ಹಾಗಾದರೆ ಒಂದೂಕಾಲು ಮೀಟರ್ ಧಾರಾಳವಾಯಿತು ಎಂದುಕೊಂಡು, ಮೂರು ಬಣ್ಣ ಸೇರಿ ಅಷ್ಟನ್ನೇ ತಂದೆ. ಹನ್ನೆರಡು ಹೂವಿಗೆ ಕತ್ತರಿಸುವಷ್ಟರಲ್ಲಿ ಬಟ್ಟೆ ಮುಗಿದುಹೋಯಿತು. ಬೇಕಾಗಿದ್ದುದು 32 ಹೂ.

ತಪ್ಪು ಎಲ್ಲಾಯಿತೆಂದು ಹೊಲಿಗೆ ಬಲ್ಲ ನಿಮಗೆ ಆಗಲೇ ತಿಳಿದಿರಬೇಕು. ಮಡಿಕೆಗೆ ಬಿಡುವ ಬಟ್ಟೆಯನ್ನು, ನಮ್ಮ ದರ್ಜಿಗಳು ಮಾರ್ಜಿನ್ ಎನ್ನುತ್ತಾರಲ್ಲ, ಅದನ್ನು ನಾನು ಮರೆತೇಬಿಟ್ಟಿದ್ದೆ. ಬದಿ ಒಂದೊಂದು ಅಂಗುಲವಿರುವ ಷಡ್ಭುಜ ಮೇಲೆ ಕಾಣುವುದು ಎರಡೂವರೆ ಚದರಂಗುಲಕ್ಕಿಂತ ತುಸು ಹೆಚ್ಚು, ಅಷ್ಟೇ. ಸುತ್ತ ಕಾಲಂಗುಲ ಮಡಿಕೆ ಬಿಟ್ಟು ಕತ್ತರಿಸಲು ಎರಡೂವರೆ ಅಂಗುಲದ ಚೌಕ ಬೇಕು; ಅಂದರೆ ಆರೂಕಾಲು ಚದರಂಗುಲ. 36 ಅಂಗುಲ ಅಗಲದಲ್ಲಿ ಸಾಲಿಗೆ 14 ಚೌಕ, ಮೀಟರಿಗೆ 15 ಸಾಲು, ಒಟ್ಟು 210 ಚೂರು. 32 ಹೂವಿಗೆ 608 ಚೂರು, ಅಂಚು ತುಂಬಲು ಇನ್ನೊಂದು 16, 624 ಆಯಿತು. ಮೂರು ಮೀಟರ್! ಹಳದಿ ಕಾಲು ಮೀಟರ್, ಕೆಂಪು ಒಂದು, ಹಸಿರು ಎರಡು ಎಂದು ಬಿಡಿಬಿಡಿಯಾಗಿ ಕೊಂಡರೆ ಮೂರೂಕಾಲು. ಹತ್ತಿ ಬಟ್ಟೆ ನೀರಿಗೆ ಬಿದ್ದರೆ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದೂ ಉಂಟು. ಆದ್ದರಿಂದ ನೆನೆಸಿ ಒಣಗಿಸಿದ ಮೇಲೆಯೇ ಅಳೆಯಬೇಕು.

ಈ ಲೆಕ್ಕವನ್ನು ಮತ್ತೆ ಮತ್ತೆ ನೋಡಿದೆ. ಐದು ಪಾಲು ಬಟ್ಟೆ ಹಾಕಿದರೆ ಕಣ್ಣಿಗೆ ಕಾಣುವುದು ಎರಡು ಪಾಲು. ಉಳಿದ ಮೂರು ಪಾಲು ಮಡಿಕೆಯ ಒಳಗೆ, ಕತ್ತರಿಯ ಬಾಯಿಗೆ.

ಮತ್ತೆ ಅಂಗಡಿಗೆ ಓಡಿದೆ. ಹಳದಿ ಸಿಕ್ಕಿತು, ಕೆಂಪು ಸಿಕ್ಕಿತು. ಆದರೆ ಆ ಹಸಿರಿನ ಥಾನು ಖರ್ಚಾಗಿತ್ತು. ಅವರು ತೋರಿಸಿದ ಬೇರೆ ಹಸಿರು ಯಾವುದೂ ಇದರ ಪಕ್ಕಕ್ಕೆ ಒಗ್ಗಲಿಲ್ಲ. ಬೇಕಾದಷ್ಟನ್ನೂ ಒಂದೇ ಸಲ ಒಂದೇ ಥಾನಿನಿಂದ ಕೊಳ್ಳಬೇಕೆಂಬ ಬುದ್ಧಿ ಬಟ್ಟೆ ಮುಗಿದ ಮೇಲೆ ಬಂತು.

ಹೊಲಿಗೆ ನಿಂತ ಆ ದಿನಗಳಲ್ಲಿ ಈ ಕಸುಬಿನ ಹಿಂದಿನ ಕತೆಯನ್ನು ಓದತೊಡಗಿದೆ. ಇಂಗ್ಲೆಂಡಿನಲ್ಲಿ 1718 ಎಂಬ ಇಸವಿಯನ್ನು ಹೊಲಿದಿರುವ ಒಂದು ರೇಷ್ಮೆ ಚೂರಿನ ಹೊದಿಕೆ ಉಳಿದಿದೆ. ಅದರೊಳಗೆ ಅಂದಿನ ಕಾಗದದ ಅಚ್ಚುಗಳೂ ಇವೆ. ಆಗ ಕಾಗದ ಅಗ್ಗದ ವಸ್ತುವಲ್ಲ. ಹಳೆಯ ಪತ್ರ, ಲೆಕ್ಕದ ಪುಸ್ತಕ, ಮಕ್ಕಳ ಕಾಪಿ ಪುಸ್ತಕಗಳನ್ನೇ ಕತ್ತರಿಸಿ ಅಚ್ಚು ಮಾಡುತ್ತಿದ್ದರು. ಎಷ್ಟೋ ಹೊದಿಕೆಗಳಲ್ಲಿ ಕಾಗದ ತೆಗೆಯದೆ ಹಾಗೇ ಉಳಿದಿದ್ದರಿಂದ, ಅದರ ಮೇಲಿನ ಬರಹ ಓದಿ ಹೊದಿಕೆಯ ಕಾಲವನ್ನು ಅಂದಾಜು ಮಾಡುತ್ತಾರೆ. ಶಾಸನ ಓದಿದ ಹಾಗೆ!

ಬಟ್ಟೆಯ ಕತೆಯಲ್ಲಿ ನಮ್ಮ ದೇಶವೂ ಬರುತ್ತದೆ. ನಾವು ಚೀಟಿ ಬಟ್ಟೆ ಎನ್ನುವ ಹೂವಿನ ಅಚ್ಚಿನ ಹತ್ತಿ ಬಟ್ಟೆ ಇಲ್ಲಿಂದ ಹಡಗೇರಿ ಹೋಗುತ್ತಿತ್ತು. ಅಲ್ಲಿನ ಹೆಂಗಸರು ಅದಕ್ಕೆ ಮರುಳಾದರೆಂದು ಅಲ್ಲಿನ ಉಣ್ಣೆ, ರೇಷ್ಮೆ ನೇಯುವವರು ಗಲಾಟೆ ಎಬ್ಬಿಸಿದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆಯನ್ನು ಉಡಕೂಡದು, ಹಾಸಿಗೆಗೂ ಬಳಸಕೂಡದು ಎಂದು ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿತು. ಅದು ರದ್ದಾದದ್ದು 1774ರಲ್ಲಿ. ಮುಂದೆ ಈ ಆರು ಮೂಲೆಯ ನಕ್ಷೆ 1835ರಲ್ಲಿ ಅಮೆರಿಕದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಹಿಳಾ ಪತ್ರಿಕೆಯಲ್ಲಿ ಅಚ್ಚಾಯಿತು. 1930ರ ದಶಕದಲ್ಲಿ ಅಲ್ಲಿ ಕೆಲಸವಿಲ್ಲದೆ ಜನ ಕಂಗಾಲಾಗಿದ್ದಾಗ, ಹೆಂಗಸರು ಹಿಟ್ಟಿನ ಚೀಲದ ಬಟ್ಟೆಯನ್ನೂ ಬಿಡದೆ ಚೂರು ಕೂಡಿಸಿದರು. ಆ ಕಾಲದಲ್ಲಿ ಮನೆಮಾತಾದ ನಕ್ಷೆ ಇದೇ. ಅದಕ್ಕೆ ಅವರಿಟ್ಟ ಹೆಸರು 'ಅಜ್ಜಿಯ ಹೂದೋಟ'.

ನಮ್ಮವರ ದಾರಿ ಇದಕ್ಕೆ ತಿರುಗುಮುರುಗು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ನಕ್ಷೆಯೂ ಇಲ್ಲ, ಕಾಗದವೂ ಇಲ್ಲ. ಹಳೆ ಸೀರೆಯನ್ನು ಹರಡಿ, ಒಂದು ಅಂಚಿನಿಂದ ಚೂರು ಇಡುತ್ತ, ಬೆರಳಲ್ಲೇ ಅಂಚು ಮಡಚುತ್ತ, ಸುತ್ತು ಬಳಸಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂದು ಅವರ ಭಾವನೆ. ಅವರು ಎಷ್ಟು ಬೇಕೆಂದು ಮೊದಲು ಕೇಳುವುದಿಲ್ಲ; ಎಷ್ಟಿದೆ ಎಂದು ನೋಡುತ್ತಾರೆ.

ಓದುತ್ತ ಓದುತ್ತ ಅವ್ವನ ನೆನಪು ಬಂತು. ನನ್ನ ತವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ. ಸುತ್ತ ಹತ್ತಿ ಬೆಳೆಯುವ ಸೀಮೆ. ಆದರೂ ನಮ್ಮ ಮನೆಯಲ್ಲಿ ಬಟ್ಟೆಗೆ ಸದಾ ಬಡತನವೇ. ಯುದ್ಧದ ಕಾಲದಲ್ಲಿ, 1943ರಲ್ಲಿ, ಸರ್ಕಾರ ಬಟ್ಟೆಗೆ ನಿಯಂತ್ರಣ ತಂದಿತ್ತಲ್ಲ, ಆ ಕಂಟ್ರೋಲು ಬಟ್ಟೆಯ ಕತೆಯನ್ನು ನನ್ನ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಆಕೆಯಿಂದ ಅವ್ವ ಬೊಂತೆ ಹೊಲಿಯುವುದನ್ನು ಕಲಿತಿದ್ದಳು. ಅವ್ವನಿಗೆ ಓದು ಬಾರದು. ಮೀಟರ್ ಬಂದು ಅರವತ್ತು ವರ್ಷ ಆಗಿದ್ದರೂ ಅವಳ ಅಳತೆ ಈಗಲೂ ಗೇಣು, ಮೊಳವೇ.

1996ರಲ್ಲಿ ನಾನು ಬಾಣಂತನ ಮುಗಿಸಿ ಮಗಳನ್ನೆತ್ತಿಕೊಂಡು ಮೈಸೂರಿಗೆ ಹೊರಟಾಗ, ಅವ್ವ ಒಂದು ಬೊಂತೆ ಹೊಲಿದು ಕೊಟ್ಟಿದ್ದಳು. ನಾನಾಗ ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದವಳು. ಗಂಡನ ಮನೆಯವರೆದುರು ಆ ಚಿಂದಿ ಹಾಸಲು ನಾಚಿಕೆಯಾಯಿತು. ಅಂಗಡಿಯ ನುಣುಪಾದ ಹೊದಿಕೆ ತಂದೆ. ಬೊಂತೆ ಕೆಲವು ದಿನ ಅಟ್ಟದಲ್ಲಿದ್ದು, ಆಮೇಲೆ ಬಚ್ಚಲ ಮನೆಯ ಬಾಗಿಲಿಗೆ ಕಾಲೊರೆಸಾಯಿತು. ಒಮ್ಮೆ ಅವ್ವ ಬಂದವಳು ಕಾಲು ತೊಳೆದು ಬಾಗಿಲಲ್ಲಿ ನಿಂತಳು. ಒದ್ದೆ ಕಾಲಲ್ಲೇ ಅದನ್ನು ತುಳಿಯದೆ ದಾಟಿ ಒಳಗೆ ಬಂದಳು. ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಇದ್ದ ಚೂರುಗಳನ್ನೆಲ್ಲ ಕಟ್ಟಿಕೊಂಡು ಹಂಪಾಪುರಕ್ಕೆ ಹೋದೆ. ನನ್ನ ಲೆಕ್ಕದ ಹಾಳೆ ಬಿಡಿಸಿ, ಹಸಿರು ಇನ್ನೂ 240 ಚೂರು ಬೇಕೆಂದು ಹೇಳಿದೆ.

"ಎಷ್ಟ್ ಬೇಕು ಅಂತ ಆಮೇಲೆ ನೋಡುವಂತೆ. ಏನದೆ ಅಂತ ಮೊದ್ಲು ಹೇಳವ್ವ" ಎಂದಳು.

ಹಸಿರು ಇಲ್ಲ ಎಂದೆ. ಅವ್ವ ನಕ್ಕಳು. "ಎಲ್ಲ ಹಸ್ರೂ ಒಂದೇ ಹಸ್ರಾಗ್ಬೇಕು ಅಂತ ಯಾರು ಹೇಳಿದ್ರು? ನಮ್ಮ ಹೊಲದಾಗೆ ಎಷ್ಟ್ ಥರ ಹಸ್ರದೆ ನೋಡು." ಪೆಟ್ಟಿಗೆಯಿಂದ ಹಳೆ ಕುಪ್ಪಸ, ಲಂಗದ ತುಂಡುಗಳನ್ನು ತೆಗೆದಳು. ಗಿಳಿ ಹಸಿರು, ಎಲೆ ಹಸಿರು, ತೊಳೆದು ತೊಳೆದು ಮಾಸಿದ ಹಸಿರು. ಒಂದೊಂದು ಹೂವಿಗೆ ಒಂದೊಂದು ಹಸಿರು ಎಂದು ವಿಂಗಡಿಸಿ ಕೊಟ್ಟಳು.

"ಒಳಗಡೆಗೆ ಏನು ಆಕ್ತೀಯೆ?" ಎಂದು ಕೇಳಿದಳು. ಹಿಂಬದಿಗೆ ಒಂದೂಕಾಲು ಮೀಟರ್ ಹೊಸ ಮಲ್ ಬಟ್ಟೆ ಎಂದೆ. "ಹಸುಗೂಸಿನ ಮೈಗೆ ಹೊಸ ಬಟ್ಟೆ ತಾಗಿಸ್ತಾರಾ?" ಎಂದು ತನ್ನ ಹತ್ತಿ ಸೀರೆಯೊಂದನ್ನು ಹರವಿದಳು. ಉಟ್ಟು ಉಟ್ಟು ಬೆಣ್ಣೆಯಂತಾಗಿತ್ತು. ಗೇಣು ಹಾಕಿದಳು. "ನಿನ್ನ ಹೊದಿಕೆ ಉದ್ದ ಐದು ಗೇಣು, ಅಗಲ ಎರಡು ಮೊಳ. ಸೀರೆ ಅಗಲವೇ ಐದು ಗೇಣದೆ. ಎರಡು ಮೊಳ ಹರಿದ್ರೆ ಆಯ್ತು." ನಾನು ಮನಸ್ಸಿನಲ್ಲೇ ಗುಣಿಸಿದೆ. ಗೇಣಿಗೆ 9 ಅಂಗುಲ, ಮೊಳಕ್ಕೆ 18. ಐದು ಗೇಣು 45, ಎರಡು ಮೊಳ 36. ಒಂದು ಅಂಗುಲವೂ ಹಾಳಾಗುವಂತಿರಲಿಲ್ಲ.

ಸೀರೆಯನ್ನು ಹರಿಯುತ್ತಲೇ, ನನ್ನ ಮುಖ ನೋಡದೆ, ಅವ್ವ ಹೇಳಿದಳು: "ಆಗ ಕೊಟ್ಟಿದ್ನಲ್ಲ ಬೊಂತೆ, ಅದರ ಒಳಗಡೆಗೆ ನಿಮ್ಮಪ್ಪನ ಪಂಚೆ ಹಾಕಿದ್ದೆ ಕಣವ್ವ."

ಅಪ್ಪ ತೀರಿಕೊಂಡದ್ದು 1995ರಲ್ಲಿ. ಮೊಮ್ಮಗಳನ್ನು ನೋಡಲಿಲ್ಲ.

ನನಗೆ ಮಾತು ಹೊರಡಲಿಲ್ಲ. ಯಾಕೆ ಅಂದೇ ಹೇಳಲಿಲ್ಲ ಎಂದು ಕೇಳುವ ಬಾಯಿ ನನಗೆಲ್ಲಿತ್ತು? "ತಪ್ಪಾಯ್ತವ್ವ" ಎಂದೆ. "ಸರಿ ಬಿಡು, ಈ ತುದಿ ಹಿಡ್ಕೊ" ಎಂದಳು.

ಹೊದಿಕೆಗೆ ಐದು ತಿಂಗಳು ಹಿಡಿಯಿತು. 624 ಕಾಗದದ ಅಚ್ಚುಗಳನ್ನು ನನ್ನ ಹಳೆಯ ಪಾಠ ಯೋಜನೆಯ ಪುಸ್ತಕಗಳಿಂದಲೇ ಕತ್ತರಿಸಿದೆ. ಕೊನೆಗೆ ಅವೆಲ್ಲವನ್ನೂ ಎಳೆದು ತೆಗೆದೆ. ಒಗೆಯುವ ಬಟ್ಟೆಯಲ್ಲಿ ಕಾಗದ ನಿಲ್ಲುವುದಿಲ್ಲ. ಮೊಮ್ಮಗ ಹುಟ್ಟಿ ಎರಡು ತಿಂಗಳಾದ ಮೇಲೆ ಅಮೆರಿಕಕ್ಕೆ ಹೋಗಿ ಹೊದಿಕೆಯನ್ನು ಮಗಳ ಕೈಗೆ ಕೊಟ್ಟೆ. ಮೇಲಿನ ಹೂಗಳನ್ನು ಅವಳು ಬಾಯಿ ತುಂಬ ಹೊಗಳಿದಳು. ನಾನು ಹೊದಿಕೆಯನ್ನು ಮಗುಚಿ, ಸೀರೆಯ ಬದಿ ತೋರಿಸಿ, ಅದು ಯಾರದೆಂದು ಹೇಳಿದೆ. ಬೊಂತೆಯ ಕತೆಯನ್ನೂ, ಅದರೊಳಗಿದ್ದ ಅವಳ ತಾತನ ಪಂಚೆಯ ಕತೆಯನ್ನೂ, ನನ್ನ ತಪ್ಪನ್ನು ಮುಚ್ಚದೆ ಹೇಳಿದೆ.