ಮಾಳಿಗೆಯ ಗವಾಕ್ಷಿ

ಅಮರಕೋಶವು ವಾತಾಯನ, ಗವಾಕ್ಷ ಎಂಬೆರಡು ಶಬ್ದಗಳನ್ನು ಪರ್ಯಾಯಗಳಾಗಿ ಹೇಳಿರುವುದು. ಮೊದಲನೆಯದು ಗಾಳಿಯ ದಾರಿ. ಎರಡನೆಯದು ಗೋವಿನ ಕಣ್ಣಿನಂತಿರುವುದು. ನೋಡುವ ಕಣ್ಣೆಂಬ ಅರ್ಥವು ಬಿಟ್ಟಾಗ ಸಮಾಸದ ಕೊನೆಯ ಅಕ್ಷಿಶಬ್ದವು ಅಕ್ಷವೆಂದಾಗುವುದೆಂಬುದು ಪಾಣಿನಿಯ ನಿಯಮ. ಆದುದರಿಂದ ಗವಾಕ್ಷವು ನೋಡುವ ಕಣ್ಣಲ್ಲ, ಮನೆಯು ಉಸಿರಾಡುವ ದ್ವಾರ. ಜನರ ಬಾಯಲ್ಲಿ ಅದೇ ಗವಾಕ್ಷಿ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಿರಿಯರು ಈ ಅರ್ಥವನ್ನು ಕಟ್ಟಿಯೇ ತೋರಿಸಿದ್ದರು. ಇಲ್ಲಿ ಮಳೆ ಕಡಮೆ, ಬಿಸಿಲು ಪ್ರಖರ. ಅದಕ್ಕೆ ತಕ್ಕಂತೆ ತೊಲೆ ಜಂತೆಗಳ ಮೇಲೆ ಮಣ್ಣು ಹರವಿ, ಚೌಳುಮಣ್ಣು ಮುಚ್ಚಿ ಮಟ್ಟಸವಾದ ಮಾಳಿಗೆ ಕಟ್ಟುತ್ತಿದ್ದರು. ದಪ್ಪ ಮಣ್ಣು ಹಗಲಿನ ತಾಪವನ್ನು ತಡೆಯುವುದು. ಆದರೆ ಒಳಗಿನ ಬಿಸಿಯೂ ಒಲೆಯ ಹೊಗೆಯೂ ಹಗುರಾಗಿ ಮೇಲೇರಿ ಅಲ್ಲಿಯೇ ನಿಲ್ಲುವುವಷ್ಟೆ. ಅವುಗಳಿಗಾಗಿಯೇ ನಡುಮನೆ, ಅಡಿಗೆಮನೆಗಳ ನೆತ್ತಿಯಲ್ಲಿ ಗವಾಕ್ಷಿ. ತಲೆಬಾಗಿಲಿನಿಂದ ತಂಗಾಳಿ ಬರುವುದು, ಬಿಸಿಗಾಳಿ ಮೇಲಿನಿಂದ ಹೋಗುವುದು. ಮಳೆ ಬಂದರೆ ಚಪ್ಪಡಿಯನ್ನೋ ಮಡಕೆಯನ್ನೋ ಮುಚ್ಚಿದರಾಯಿತು.

ಸಿಮೆಂಟು ಬಂದು ಮಾಳಿಗೆಯು ತಾರಸಿಯಾಯಿತು. 1986ರಲ್ಲಿ ನಮ್ಮ ಮನೆಗೂ ತಾರಸಿ ಹಾಕಿಸಿದಾಗ, ಸೋರೀತೆಂದು ಗವಾಕ್ಷಿ ಬೇಡವೆಂದವನು ನಾನೇ. ಮಕ್ಕಳಿಗೆ ಗವಾಕ್ಷಶಬ್ದದ ಸಂಧಿಯನ್ನು ಬಾಯಿಪಾಠ ಮಾಡಿಸುತ್ತಿದ್ದವನೂ ನಾನೇ! ಸೌದೆಯೊಲೆಯ ಮುಂದೆ ನಮ್ಮ ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, “ಮನೆಯೇನೋ ಚೆನ್ನಾಯಿತಪ್ಪ, ಹೊಗೆ ಹೋಗುವುದೆಲ್ಲಿಗೆ?” ಎಂದರು. ಉತ್ತರ ಹೇಳಲಾರದೆ, ಮರುವರ್ಷ ತಾರಸಿಯ ಕೆಳಗೇ ಎದುರುಬದುರು ಗೋಡೆಗಳಲ್ಲಿ ಕಿಂಡಿಗಳನ್ನು ಒಡೆಯಿಸಿದೆನು.

ಹೊಸ ಮನೆ ಕಟ್ಟುವವರು ಇಷ್ಟನ್ನು ನೆನೆಯಲಿ: ಗಾಳಿ ಬರಲು ತಗ್ಗಿನಲ್ಲೊಂದು ದಾರಿ, ಹೋಗಲು ಎತ್ತರದಲ್ಲೊಂದು ದಾರಿ. ಒಂದನ್ನು ಮುಚ್ಚಿದರೆ ಇನ್ನೊಂದೂ ಮುಚ್ಚಿದಂತೆಯೇ.