ವ್ಯಾಯಾಮ ಮತ್ತು ವೈರಾಣು ಸೋಂಕು

ನಿಯಮಿತವಾದ ಹಿತಮಿತ ವ್ಯಾಯಾಮವು ನೆಗಡಿ, ಕೋವಿಡ್-೧೯ ಮುಂತಾದ ವೈರಾಣು ಸೋಂಕುಗಳ ತೀವ್ರತೆಯನ್ನು ತಗ್ಗಿಸಬಲ್ಲದೆಂದು ಹಲವು ಅಧ್ಯಯನಗಳು ಸೂಚಿಸಿವೆ. ಆದರೆ ಅದು ಸೋಂಕನ್ನು ಸಂಪೂರ್ಣವಾಗಿ ತಡೆಯುವುದಿಲ್ಲ. ಲಸಿಕೆಗೆ ಪರ್ಯಾಯವೂ ಅಲ್ಲ.

ದೇಹದ ಮೇಲಿನ ಪರಿಣಾಮ

ಬಿರುಸಾದ ನಡಿಗೆಯಂತಹ ವ್ಯಾಯಾಮದಿಂದ ರಕ್ತಪರಿಚಲನೆ ಹೆಚ್ಚುತ್ತದೆ. ಆಗ ಸೋಂಕು ತಗುಲಿದ ಜೀವಕೋಶಗಳನ್ನು ನಾಶಪಡಿಸುವ ಬಿಳಿ ರಕ್ತಕಣಗಳು ಹೆಚ್ಚಿನ ಸಂಖ್ಯೆಯಲ್ಲಿ ರಕ್ತಪ್ರವಾಹವನ್ನು ಸೇರುತ್ತವೆ. ಕೆಲವೇ ಗಂಟೆಗಳಲ್ಲಿ ಈ ಸಂಖ್ಯೆ ಮೊದಲಿನ ಮಟ್ಟಕ್ಕೆ ಮರಳುವುದರಿಂದ ವ್ಯಾಯಾಮದ ನಿರಂತರತೆಗೆ ಮಹತ್ವವಿದೆ.

ಅಧ್ಯಯನಗಳು

ಅಮೆರಿಕದ ವಿಜ್ಞಾನಿ ಡೇವಿಡ್ ನೀಮನ್ ಮತ್ತು ಸಂಗಡಿಗರು ೧,೦೦೨ ವಯಸ್ಕರನ್ನು ೧೨ ವಾರಗಳ ಕಾಲ ಗಮನಿಸಿದರು. ೨೦೧೧ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ವಾರಕ್ಕೆ ಐದು ಅಥವಾ ಹೆಚ್ಚು ದಿನ ವ್ಯಾಯಾಮ ಮಾಡುತ್ತಿದ್ದವರು ನೆಗಡಿಯಂತಹ ಶ್ವಾಸಾಂಗದ ಸೋಂಕಿನಿಂದ ಬಳಲಿದ ದಿನಗಳು, ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ಶೇ. ೪೩ರಷ್ಟು ಕಡಿಮೆಯಿದ್ದವು. ಕ್ಯಾಲಿಫೋರ್ನಿಯಾದ ೪೮,೪೪೦ ಕೋವಿಡ್ ರೋಗಿಗಳ ದಾಖಲೆಗಳನ್ನು ಆಧರಿಸಿದ ೨೦೨೧ರ ಅಧ್ಯಯನದಲ್ಲಿ, ವ್ಯಾಯಾಮವಿಲ್ಲದವರು ಆಸ್ಪತ್ರೆ ಸೇರುವ ಸಂಭವವು ನಿಯಮಿತ ವ್ಯಾಯಾಮಿಗಳಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು.

ಮಿತಿಗಳು

ಇವು ವೀಕ್ಷಣಾತ್ಮಕ ಅಧ್ಯಯನಗಳು. ಆರೋಗ್ಯವಂತರೇ ಹೆಚ್ಚು ವ್ಯಾಯಾಮ ಮಾಡುವ ಸಾಧ್ಯತೆಯೂ ಇರುವುದರಿಂದ ಇವುಗಳಿಂದಷ್ಟೇ ಕಾರ್ಯಕಾರಣ ಸಂಬಂಧ ಸಿದ್ಧವಾಗುವುದಿಲ್ಲ. ಅತಿಯಾದ ವ್ಯಾಯಾಮವು ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆಯೇ ಎಂಬುದರ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ.

ಶಿಫಾರಸು

ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಶಿಫಾರಸು ಮಾಡಿದೆ. ಜ್ವರವಿರುವಾಗ ವ್ಯಾಯಾಮ ಮಾಡದೆ ವಿಶ್ರಾಂತಿ ಪಡೆಯುವುದು ಸೂಕ್ತ.