ಸಮುದ್ರ ಮಾರ್ಗದ ಕಾಫಿ ರಫ್ತು: ಕಂಟೇನರ್‌ಗಳ ಭದ್ರತೆ ಮತ್ತು ಚಲನವಲನದ ನಿಗಾ

ಪೀಠಿಕೆ

ಚಿಕ್ಕಮಗಳೂರು, ಕೊಡಗು ಮತ್ತು ಹಾಸನ ಜಿಲ್ಲೆಗಳಲ್ಲಿ ಬೆಳೆಯುವ ಕಾಫಿಯ ಬಹುಪಾಲು ವಿದೇಶಗಳಿಗೆ ರಫ್ತಾಗುತ್ತದೆ. 20 ಅಡಿ ಉದ್ದದ ಒಂದು ಕಂಟೇನರ್‌ನಲ್ಲಿ ಸಾಮಾನ್ಯವಾಗಿ ತಲಾ 60 ಕಿ.ಗ್ರಾಂ. ತೂಕದ 320 ಗೋಣಿಚೀಲಗಳನ್ನು, ಅಂದರೆ 19.2 ಟನ್ ಕಾಫಿಯನ್ನು ತುಂಬಲಾಗುತ್ತದೆ. ಕ್ಯೂರಿಂಗ್ ಘಟಕದಿಂದ ಹೊರಟ ಈ ಸರಕು ಲಾರಿ, ಬಂದರು, ಹಡಗು ಹಾಗೂ ಮಾರ್ಗಮಧ್ಯದ ಬಂದರುಗಳನ್ನು ದಾಟಿ ಖರೀದಿದಾರರನ್ನು ತಲುಪುತ್ತದೆ. ನಡುವೆ ಕಳವು ಅಥವಾ ಹಾನಿ ಸಂಭವಿಸಿದಲ್ಲಿ ಹೊಣೆ ಯಾರದೆಂಬುದು ಬಹುಮಟ್ಟಿಗೆ ಸರಕು ತುಂಬಿದ ದಿನದ ದಾಖಲೆಗಳಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ನೇರ ರಫ್ತಿಗೆ ಮುಂದಾಗುವ ರೈತ ಉತ್ಪಾದಕ ಸಂಸ್ಥೆಗಳು ಕೆಳಕಂಡ ಅಂಶಗಳನ್ನು ಅರಿತಿರುವುದು ಅವಶ್ಯಕ.

ಕಂಟೇನರ್ ಸಂಖ್ಯೆ

ಪ್ರತಿ ಕಂಟೇನರ್‌ಗೂ ಐಎಸ್‌ಒ 6346 ಮಾನಕದ ಪ್ರಕಾರ ವಿಶಿಷ್ಟ ಗುರುತು ಇರುತ್ತದೆ. ಇದರಲ್ಲಿ 4 ಅಕ್ಷರಗಳು, 6 ಅಂಕಿಗಳ ಕ್ರಮಸಂಖ್ಯೆ ಹಾಗೂ ಕೊನೆಯಲ್ಲಿ 1 ತಪಾಸಣಾ ಅಂಕಿ ಇರುತ್ತವೆ. ಮೊದಲ ಮೂರು ಅಕ್ಷರಗಳು ಮಾಲೀಕರನ್ನೂ ನಾಲ್ಕನೆಯದು ಸಾಧನದ ವರ್ಗವನ್ನೂ ಸೂಚಿಸುತ್ತವೆ. ತಪಾಸಣಾ ಅಂಕಿಯು ಹಿಂದಿನ ಹತ್ತು ಸ್ಥಾನಗಳಿಂದ ಲೆಕ್ಕ ಹಾಕಿ ಪಡೆದದ್ದು. ಉದಾಹರಣೆಗೆ, ಸಿಎಸ್‌ಕ್ಯೂಯು 305438 ಎಂಬ ಗುರುತಿಗೆ ಬರುವ ತಪಾಸಣಾ ಅಂಕಿ 3. ಬರೆಯುವಾಗ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಸಾಮಾನ್ಯವಾಗಿ ಹೊಂದುವುದಿಲ್ಲ. ಹೀಗಾಗಿ ಸಂಖ್ಯೆಯನ್ನು ಬಾಗಿಲಿನ ಮೇಲಿನಿಂದಲೇ ನೋಡಿ ಬರೆದು, ಛಾಯಾಚಿತ್ರ ತೆಗೆದಿರಿಸಬೇಕು.

ಸೀಲ್ ಮತ್ತು ಅದರ ಮಿತಿ

ಐಎಸ್‌ಒ 17712 ಮಾನಕದ ಉನ್ನತ ಭದ್ರತೆಯ ಬೋಲ್ಟ್ ಸೀಲ್‌ಗಳ ಮೇಲೆ ಇಂಗ್ಲಿಷಿನ ‘ಎಚ್’ ಅಕ್ಷರವಿರುತ್ತದೆ. ರಫ್ತುದಾರರು ತಾವೇ ಸೀಲ್ ಹಾಕುವ ವ್ಯವಸ್ಥೆಯಲ್ಲಿ ರೇಡಿಯೊ ಸಂಕೇತದಿಂದ ಓದಬಹುದಾದ ಇ-ಸೀಲ್ ಬಳಕೆಯನ್ನು ಕಸ್ಟಮ್ಸ್ ಇಲಾಖೆಯು 2017ರಲ್ಲಿ ಜಾರಿಗೆ ತಂದಿತು.

ಸೀಲ್ ಭದ್ರವಾಗಿದ್ದ ಮಾತ್ರಕ್ಕೆ ಕಂಟೇನರ್ ತೆರೆದಿಲ್ಲವೆಂದು ಭಾವಿಸಲಾಗದು. ಕಳ್ಳರು ಸೀಲನ್ನು ಮುಟ್ಟದೆ ಬಾಗಿಲಿನ ಹಿಡಿಕೆಯ ರಿವೆಟ್ಟುಗಳನ್ನು ಕಿತ್ತು, ಅನಂತರ ಮೊದಲಿನಂತೆಯೇ ಜೋಡಿಸುವುದುಂಟು. ಆದ್ದರಿಂದ ಹಸ್ತಾಂತರದ ಪ್ರತಿ ಹಂತದಲ್ಲೂ ಸೀಲ್ ಮತ್ತು ಬಾಗಿಲಿನ ಬಿಡಿಭಾಗಗಳನ್ನು ನೋಡುವುದು, ಸಂಖ್ಯೆಯನ್ನು ದಾಖಲೆಯೊಡನೆ ತಾಳೆ ಮಾಡುವುದು, ಸೀಲನ್ನು ಎಳೆದು ನೋಡುವುದು ಹಾಗೂ ತಿರುಗಿಸಿ ನೋಡುವುದು ಎಂಬ ನಾಲ್ಕು ಕ್ರಮಗಳನ್ನು ಅನುಸರಿಸಬೇಕು. ತಪಾಸಣೆಗಾಗಿ ಅಧಿಕಾರಿಗಳು ಸೀಲ್ ತೆಗೆದಲ್ಲಿ ಹೊಸ ಸೀಲ್‌ನ ಸಂಖ್ಯೆಯನ್ನು ಪಡೆದು ಎಲ್ಲ ದಾಖಲೆಗಳಲ್ಲಿ ತಿದ್ದುಪಡಿ ಮಾಡಿಸಬೇಕು.

ಚಲನವಲನದ ನಿಗಾ

ದೇಶದೊಳಗೆ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಎಂಬ ವ್ಯವಸ್ಥೆಯಲ್ಲಿ ಕಂಟೇನರ್ ಸಂಖ್ಯೆ ನಮೂದಿಸಿ ಬಂದರು, ಟೋಲ್ ನಾಕೆ ಮುಂತಾದೆಡೆ ಅದು ದಾಟಿದ ವಿವರ ಪಡೆಯಬಹುದು. ಹಡಗು ಹೊರಟ ನಂತರ ಹಡಗು ಕಂಪನಿಯ ಜಾಲತಾಣವೇ ಮುಖ್ಯ ಆಧಾರ. ಹಡಗಿನ ಸ್ಥಾನ ತೋರಿಸುವ ನಕ್ಷೆಗಳು ಹಡಗನ್ನು ಮಾತ್ರ ತೋರಿಸುತ್ತವೆ. ಕೊಲಂಬೊದಂತಹ ಬಂದರಿನಲ್ಲಿ ಹಡಗು ಬದಲಾಗುವಾಗ ಕಂಟೇನರ್ ಅಲ್ಲಿಯೇ ಉಳಿದಿರಬಹುದು. ಆದ್ದರಿಂದ ಎರಡನೆಯ ಹಡಗಿಗೆ ಏರಿಸಿದ ದಿನಾಂಕವನ್ನು ತಪ್ಪದೆ ಖಚಿತಪಡಿಸಿಕೊಳ್ಳಬೇಕು.

ತೇವಾಂಶದಿಂದ ರಕ್ಷಣೆ

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದ ಮೇಲೆ ಅನೇಕ ಹಡಗುಗಳು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಬಳಸಿ ಸಾಗಿದ್ದರಿಂದ ಯೂರೋಪಿನ ಪಯಣ ಸುಮಾರು 10ರಿಂದ 14 ದಿನ ದೀರ್ಘವಾಯಿತು. ಪಯಣ ದೀರ್ಘವಾದಷ್ಟೂ ತೇವದ ಅಪಾಯ ಹೆಚ್ಚು. ಬೆಚ್ಚನೆಯ ಗಾಳಿಯ ತೇವಾಂಶವು ತಣ್ಣಗಾದ ಛಾವಣಿಗೆ ತಗುಲಿ ಹನಿಯಾಗಿ ಚೀಲಗಳ ಮೇಲೆ ಬೀಳುತ್ತದೆ. ಕಾಫಿಗೆ ಬೂಷ್ಟು ಹಿಡಿಯುತ್ತದೆ. ಸೀಲ್ ಆಗಲಿ ನಿಗಾ ವ್ಯವಸ್ಥೆಯಾಗಲಿ ಇದನ್ನು ತಡೆಯಲಾರವು.

• ಕಾಫಿಯ ತೇವಾಂಶ ಶೇ. 12.5ನ್ನು ಮೀರದಂತೆ ಒಣಗಿಸಿರಬೇಕು.
• ಖಾಲಿ ಕಂಟೇನರ್‌ನೊಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಬೇಕು. ಎಲ್ಲಿಯಾದರೂ ಬೆಳಕು ಕಂಡರೆ ಆ ಕಂಟೇನರನ್ನು ತಿರಸ್ಕರಿಸಬೇಕು.
• ನೆಲ ಒಣಗಿದ್ದು, ವಾಸನೆರಹಿತವಾಗಿರಬೇಕು.
• ಗೋಡೆಗಳಿಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ತೂಗುಹಾಕಬೇಕು.

ದಾಖಲೆಗಳು ಮತ್ತು ಪರಿಹಾರ

2016ರ ಜುಲೈ 1ರಿಂದ, ತುಂಬಿದ ಕಂಟೇನರ್‌ನ ಪರಿಶೀಲಿತ ಒಟ್ಟು ತೂಕವನ್ನು ರಫ್ತುದಾರರು ಘೋಷಿಸುವುದು ಕಡ್ಡಾಯವಾಗಿದೆ. ಬಿಲ್ ಆಫ್ ಲೇಡಿಂಗ್‌ನಲ್ಲಿ ಸರಕನ್ನು ರಫ್ತುದಾರರೇ ತುಂಬಿ ಎಣಿಸಿದ್ದಾರೆಂಬ ಒಕ್ಕಣೆ ಸಾಮಾನ್ಯವಾಗಿರುತ್ತದೆ. ಅಂದರೆ ಹಡಗು ಕಂಪನಿಯು ಚೀಲಗಳನ್ನು ಎಣಿಸಿರುವುದಿಲ್ಲ. ಆದ್ದರಿಂದ ಚೀಲಗಳ ಎಣಿಕೆ ಪಟ್ಟಿ, ತೂಕದ ಚೀಟಿ, ತೇವಾಂಶದ ವರದಿ ಹಾಗೂ ತುಂಬುವ ಹಂತಗಳ ಛಾಯಾಚಿತ್ರಗಳನ್ನು ದಿನಾಂಕಸಹಿತ ಕಾಯ್ದಿರಿಸಬೇಕು.

ಹೊರನೋಟಕ್ಕೆ ಕಾಣದ ಹಾನಿಯನ್ನು ಸರಕು ಪಡೆದ 3 ದಿನಗಳೊಳಗೆ ಹಡಗು ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ದಾವೆ ಹೂಡಲು ಸಾಮಾನ್ಯವಾಗಿ 1 ವರ್ಷದ ಅವಧಿಯಿರುತ್ತದೆ. ಸಾಗರ ವಿಮೆ ಮಾಡಿಸುವಾಗ ಕಳವು ಮತ್ತು ತೇವದ ಹಾನಿ ಸೇರಿವೆಯೇ ಎಂದು ಓದಿ ನೋಡಬೇಕು. ಈ ವಿಷಯಗಳನ್ನು ಖರೀದಿದಾರರೊಡನೆ ಒಪ್ಪಂದದ ಹಂತದಲ್ಲಿಯೇ ಚರ್ಚಿಸಿಕೊಂಡಲ್ಲಿ, ಒಂದು ವರ್ಷದ ದುಡಿಮೆಯ ಫಲ ಸಮುದ್ರದ ನಡುವೆ ವಿವಾದಕ್ಕೆ ಸಿಲುಕುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.